ಒಲೆ ಆರಿದ ಮೇಲೆ ಕವಡಿ: ಸಗರನಾಡಿನ ಮನೆಗಳಲ್ಲಿ ರಜೆಯ ಆಟಗಳು

ಏಪ್ರಿಲ್ ಬಂತೆಂದರೆ ಯಾದಗಿರಿಯಲ್ಲಿ ಸರಕಾರವೂ ಮಧ್ಯಾಹ್ನ ಮನೆಗೆ ಹೋಗುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಿಗೆ ಬೇಸಿಗೆಯಲ್ಲಿ ಹೊರಡುವ ಆದೇಶದ ಪ್ರಕಾರ ಏಪ್ರಿಲ್, ಮೇ ತಿಂಗಳಲ್ಲಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು 1.30ಕ್ಕೆ ಬಾಗಿಲು ಹಾಕುತ್ತವೆ. ಅದೇ ಹೊತ್ತಿಗೆ ಶಾಲೆಗಳಿಗೂ ರಜೆ. ಬಿಸಿಲು 42 ಡಿಗ್ರಿ ದಾಟಿದ ದಿನ ಶಹಾಪುರದ ಬಜಾರಿನಲ್ಲಿ ನಾಯಿಯೂ ನೆರಳು ಬಿಟ್ಟು ಏಳುವುದಿಲ್ಲ. ಹೊಸ್ತಿಲ ಒಳಗೆ ಮಾತ್ರ ಜನವೋ ಜನ. ಬೆಂಗಳೂರಿನಿಂದ ಬಂದ ಅಕ್ಕನ ಮಕ್ಕಳು, ಪುಣೆಯಿಂದ ಬಂದ ಕಾಕಾ-ಕಕ್ಕಿ, ಪಿಯುಸಿ ಮುಗಿಸಿ ಫಲಿತಾಂಶ ಕಾಯುತ್ತಿರುವ ಹುಡುಗ, ಮೊಣಕಾಲು ನೋವಿನ ಆಯಿ, ಕಣ್ಣು ಮಂಜಾದ ಮುತ್ಯಾ, ಇವರ ನಡುವೆ ಎಲ್ಲರ ಕಾಲಿಗೂ ತೊಡರುವ ನಾಲ್ಕು ವರ್ಷದ ಪೋರಿ.

ಇವರೆಲ್ಲ ಒಂದೇ ಆಟಕ್ಕೆ ಕೂಡಬಹುದೇ? ಕೂಡುವುದಾದರೆ ಯಾವ ಆಟಕ್ಕೆ? ಆಟಗಳ ಪಟ್ಟಿ ಕೊಡುವ ಪುಸ್ತಕಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಮಕ್ಕಳ ಆಟ, ಹೆಂಗಸರ ಆಟ, ಗಂಡಸರ ಆಟ ಎಂದು ಮೊದಲೇ ಪಂಕ್ತಿ ಬೇರೆ ಮಾಡಿಬಿಡುತ್ತವೆ. ಹಬ್ಬದ ಮನೆಯಲ್ಲಿ ಊಟಕ್ಕಾದರೂ ಪಂಕ್ತಿ ಬೇರೆ ಇರಬಹುದು, ಆಟಕ್ಕೆ ಬೇರೆ ಇದ್ದರೆ ಕೂಡಿ ಬಂದದ್ದಕ್ಕೆ ಅರ್ಥವೇ ಇಲ್ಲ.

ಇನ್ನೊಂದು ಸಿದ್ಧ ಉತ್ತರವೂ ಇದೆ: ಮೊಬೈಲ್ ಬಂತು, ಆಟ ಹೋಯಿತು. ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರದ ಕಡೆಯ ಮನೆಗಳಲ್ಲಿ ಆಟ ನಡೆಯುವುದೂ ನಿಲ್ಲುವುದೂ ಮೂರು ಸಂಗತಿಗಳ ಮೇಲೆ ನಿಂತಿದೆ. ಹೊರಗೆ ಬಿಸಿಲೆಷ್ಟು, ಗುಳೆ ಹೋದವರು ಊರಿಗೆ ಬಂದಿದ್ದಾರೋ ಇಲ್ಲವೋ, ಒಲೆ ಆರಿದೆಯೋ ಇಲ್ಲವೋ. ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಯ ಅರ್ಧ ಮಂದಿ ರೊಟ್ಟಿ ಬಡಿಯುತ್ತಿರುವಾಗ ಉಳಿದರ್ಧ ಮಂದಿ ಆಡುವುದನ್ನು ಕುಟುಂಬದ ಆಟ ಎನ್ನುವುದು ಹೇಗೆ? ಹಾಗಾಗಿ ಈ ಸಮೀಕ್ಷೆಯಲ್ಲಿ ಆಟದ ಸೊಗಸಿನ ಜೊತೆಗೆ ಅಡುಗೆಮನೆಯ ಬಾಗಿಲನ್ನೂ ನೋಡುತ್ತ ಹೋಗುತ್ತೇನೆ.

ಒಳಗಿನ ಆಟಗಳಿಂದ ಶುರು ಮಾಡೋಣ. ಈ ಸೀಮೆಯ ಹಳೆಯ ಮನೆಗಳಿಗೆ ಫರಸಿ ಕಲ್ಲಿನ ನೆಲ. ಶಹಾಬಾದಿನ ಗಣಿಯಿಂದ ಬಂದ ಈ ಕಲ್ಲು ಬೇಸಿಗೆಯಲ್ಲಿ ತಣ್ಣಗೆ, ನುಣ್ಣಗೆ ಇರುತ್ತದೆ. ಅದರ ಮೇಲೆ ಬಳಪದಲ್ಲೋ ಇದ್ದಿಲಿನಲ್ಲೋ ಗೆರೆ ಎಳೆದರೆ ಚೆನ್ನಾಗಿ ಹಿಡಿಯುತ್ತದೆ, ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ. ನಾಲ್ಕು ಅಂಚುಗಳ ನಡುಮನೆಗೂ ಒಳಗಿನ ನಟ್ಟನಡುವಿನ ಮನೆಗೂ ಓರೆಗೆರೆ ಹಾಕಿದರೆ ಚೌಕಾಬಾರದ ಪಟ ತಯಾರು. ನಾಲ್ಕು ಕವಡಿ ಬೇಕು. ಕವಡಿ ಇಲ್ಲದ ಮನೆಯಲ್ಲಿ ಹುಣಸಿ ಬೀಜವನ್ನು ಒರಟು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಳ್ಳುತ್ತಾರೆ. ಉಜ್ಜುವಾಗ ಬೀಜ ಕಾದು ಬೆರಳು ಚುರ್ ಎನ್ನುತ್ತದೆ. ಆ ಬಿಸಿ ಬೀಜವನ್ನು ಪಕ್ಕದವರ ಕೈಗೆ ಮುಟ್ಟಿಸಿ ಓಡುವುದು ಮಕ್ಕಳ ಪಾಲಿಗೆ ಬೇರೆಯದೇ ಆಟ. ಕಾಯಿಗಳಿಗೆ ಒಬ್ಬರದು ಕಡಲಿಕಾಳು, ಒಬ್ಬರದು ಬಳೆ ಚೂರು, ಒಬ್ಬರದು ಶೇಂಗಾ ಸಿಪ್ಪೆ, ಒಬ್ಬರದು ಹರಳು.

ಒಂದು, ಎರಡು, ಮೂರು ಕವಡಿ ಅಂಗಾತ ಬಿದ್ದರೆ ಅಷ್ಟೇ ಮನೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು ಮನೆ. ಚೌಕಕ್ಕೂ ಬಾರಕ್ಕೂ ಇನ್ನೊಂದು ಎಸೆತ ಸಿಗುತ್ತದೆ. ಕಾಯಿ ಹೊರಗಿನ ಸುತ್ತಿನ 16 ಮನೆ ಸುತ್ತಿ, ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿದ ಮೇಲೆ ಒಳಗಿನ ಎಂಟು ಮನೆಗೆ ಇಳಿದು, ನಡುವಿನ ಮನೆ ಸೇರಿ ಹಣ್ಣಾಗಬೇಕು. ಓರೆಗೆರೆಯ ಮನೆಯಲ್ಲಿ ಕೂತ ಕಾಯಿಯನ್ನು ಕಡಿಯುವಂತಿಲ್ಲ.

ಇಷ್ಟೇ ಆಟ. ಆದರೆ ಇದರ ಲೆಕ್ಕ ನೋಡಿದರೆ ಇದು ಎಲ್ಲ ವಯಸ್ಸಿಗೂ ಯಾಕೆ ಒಗ್ಗುತ್ತದೆ ಎಂಬುದು ತಿಳಿಯುತ್ತದೆ. ಕವಡಿ ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತದೆ ಎಂದುಕೊಳ್ಳಿ. ಆಗ 16 ಬಗೆಯಲ್ಲಿ ಬೀಳಬಹುದು. ಅವುಗಳಲ್ಲಿ ಆರು ಸಲ ಎರಡು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು, ಒಂದೇ ಸಲ ಚೌಕ, ಒಂದೇ ಸಲ ಬಾರ. ಸರಾಸರಿ ಎಸೆತಕ್ಕೆ ಎರಡೂವರೆ ಮನೆ. ತನ್ನ ಮನೆಯಿಂದ ಹೊರಟ ಕಾಯಿ ಹಣ್ಣಾಗಲು 24 ಹೆಜ್ಜೆ, ನಾಲ್ಕು ಕಾಯಿಗೆ 96. ಅಂದರೆ ಯಾರೂ ಕಡಿಯದಿದ್ದರೂ ಒಬ್ಬರಿಗೆ ಹತ್ತಿರ ಹತ್ತಿರ 38 ಎಸೆತ ಬೇಕು. ಕಡಿತ ಶುರುವಾದರೆ ಕಾಯಿ ಮತ್ತೆ ಹೊಸ್ತಿಲಿಗೆ ಬಂದು ಕೂಡುತ್ತದೆ, ಆಟ ಇನ್ನೂ ಎಳೆಯುತ್ತದೆ. ಇಷ್ಟೊಂದು ಎಸೆತಗಳಲ್ಲಿ ಜಾಣತನಕ್ಕೆ ಕೆಲಸವಿದೆ, ಆದರೆ ಅದೃಷ್ಟದ ಪಾಲು ಅದಕ್ಕಿಂತ ದೊಡ್ಡದು. ಬಾರ ಬೀಳುವುದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಐದು ವರ್ಷದ ಹುಡುಗಿ ಬಾರ ಹಾಕಿ ಮುತ್ಯಾನ ಕಾಯಿ ಕಡಿದಾಗ ಮನೆ ಮಾಳಿಗೆ ಹಾರುವಂತೆ ಕೂಗು ಏಳುತ್ತದಲ್ಲ, ಚದುರಂಗದಲ್ಲಿ ಅದು ನೂರು ಆಟಕ್ಕೊಮ್ಮೆಯೂ ಏಳಲಾರದು.

ಸಣ್ಣ ಮಕ್ಕಳಿದ್ದರೆ ತಲೆಗೆ ಎರಡೇ ಕಾಯಿ ಇಟ್ಟುಕೊಳ್ಳಿ, ಆಟ ಅರ್ಧಕ್ಕೆ ಇಳಿಯುತ್ತದೆ. ಎಂಟು ಜನ ಇದ್ದರೆ ಇಬ್ಬಿಬ್ಬರು ಕೂಡಿ ಒಂದು ಮನೆ ಹಿಡಿಯಲಿ. ಜೋಡಿ ಮಾಡುವಾಗ ಮುದುಕರಿಗೆ ಎಳೆಯರನ್ನೇ ಕೂಡಿಸಿ: ಕವಡಿ ಎಸೆಯುವುದು ಮೊಮ್ಮಗ, ಕಾಯಿ ನಡೆಸುವುದು ಆಯಿ.

ಇಲ್ಲಿ ಒಂದು ಅಂಕಿ ನೆನಪಿಗೆ ಬರುತ್ತದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಅತಿ ಕಡಿಮೆ. ಅಕ್ಷರ ಬೇಕಾದ ಆಟ ತಂದಿಟ್ಟರೆ ಇಲ್ಲಿನ ಬಹಳಷ್ಟು ಅಜ್ಜಿಯರು ಎದ್ದು ಹೋಗಬೇಕಾಗುತ್ತದೆ. ಚೀಟಿಯ ಮೇಲೆ ಹೆಸರು, ಊರು, ಪ್ರಾಣಿ, ವಸ್ತು ಬರೆಯುವ ಆಟ ಹೈಸ್ಕೂಲು ಮಕ್ಕಳಿಗೆ ಚೆಂದ. ಅದನ್ನೇ ಬಾಯಿಯಲ್ಲಿ ಆಡಿಸಿದರೆ ಮಾತ್ರ ಮನೆಗೆಲ್ಲ ಚೆಂದ. ಕವಡಿಯ ಪಟದಲ್ಲಿ ಈ ತೊಂದರೆ ಇಲ್ಲ. ಶಾಲೆಯ ಮೆಟ್ಟಿಲು ಹತ್ತದ ಆಯಿ ಕವಡಿ ನೆಲಕ್ಕೆ ತಾಗುವುದರೊಳಗೆ ಯಾವ ಕಾಯಿ ಎಲ್ಲಿಗೆ ಹೋಗಬೇಕೆಂದು ಹೇಳಿ ಮುಗಿಸಿರುತ್ತಾಳೆ. ಬೆರಳಿಟ್ಟು ಮನೆ ಎಣಿಸುತ್ತ ಹೋಗುವ ಡಿಗ್ರಿ ಹುಡುಗನನ್ನು ನೋಡಿ ಆಕೆ ನಗುವುದೂ ಆಟದ ಭಾಗವೇ.

ಜಗಳ ಇನ್ನೊಂದು ಭಾಗ. "ಏ ಮುತ್ಯಾ, ಎರಡs ಬಿದ್ದಾವ, ನೀ ಮೂರು ನಡಸ್ದಿ!" "ನನಗ ಕಣ್ಣು ಕಾಣಂಗಿಲ್ಲವ್ವ, ನೀನೇ ಎಣಸು." ಕಣ್ಣು ಕಾಣದ ನೆಪದಲ್ಲಿ ಮುತ್ಯಾ ಎಷ್ಟು ಮನೆ ಹೆಚ್ಚು ನಡೆದಿದ್ದಾನೆಂದು ದೇವರೇ ಬಲ್ಲ. ಕವಡಿ ಗೋಡೆಗೆ ಒರಗಿ ನಿಂತರೆ ಎಸೆತ ಹಿಡಿಯಬೇಕೋ ಬಿಡಬೇಕೋ, ಒಂದೇ ಮನೆಯಲ್ಲಿ ಎರಡು ಕಾಯಿ ಕೂಡಿ ಗಟ್ಟಿಯಾದರೆ ಒಂಟಿ ಕಾಯಿ ಅದನ್ನು ಕಡಿಯಬಹುದೋ ಇಲ್ಲವೋ, ಕಡಿದವರಿಗೆ ಇನ್ನೊಂದು ಎಸೆತ ಉಂಟೋ ಇಲ್ಲವೋ, ಇವೆಲ್ಲ ಮನೆಮನೆಗೆ ಬೇರೆ. ಯಾದಗಿರಿಯ ತವರಿನಿಂದ ಸುರಪುರದ ಗಂಡನ ಮನೆಗೆ ಬಂದವಳು ತನ್ನ ಕಾಯ್ದೆಯನ್ನೂ ಕಟ್ಟಿಕೊಂಡೇ ಬಂದಿರುತ್ತಾಳೆ. ಆಟ ಶುರುವಾಗುವ ಮೊದಲು ಇದನ್ನು ಮಾತಾಡಿಕೊಳ್ಳುವುದು ಒಳ್ಳೆಯದು. ಮಾತಾಡಿಕೊಂಡ ಮೇಲೂ ಜಗಳ ಆಗುತ್ತದೆ, ಅದು ಬೇರೆ ಮಾತು.

ಉಳಿದ ಮಣೆಯ ಆಟಗಳನ್ನು ಬೇಗ ದಾಟಬಹುದು. ಪಗಡೆ ಚೌಕಾಬಾರದ ಹಿರಿಯಣ್ಣ. ಕೂಡಿಸುವ ಗುರುತಿನಂತೆ ಜೋಡಿಸಿದ ನಾಲ್ಕು ಪಟ್ಟಿ, ಪಟ್ಟಿಗೆ 24ರಂತೆ 96 ಮನೆ, 16 ಕಾಯಿ. ದೀಪಾವಳಿಯ ಪಾಡ್ಯದಂದು ಶಿವ-ಪಾರ್ವತಿ ಆಡಿದರೆಂಬ ನಂಬಿಕೆಯಿಂದ ಹಲವು ಮನೆಗಳಲ್ಲಿ ಹಾಸು ಹೊರಬರುತ್ತಿತ್ತು. ಆದರೆ ಅದು ಪುರುಸೊತ್ತಿನ ಹಿರಿಯರ ಆಟ. ಅರ್ಧ ದಿನ ತಿನ್ನುತ್ತದೆ, ಮಕ್ಕಳು ಎರಡನೇ ಸುತ್ತಿಗೇ ಎದ್ದು ಓಡುತ್ತಾರೆ. ಅಳಗುಳಿ ಮಣೆ ಇದಕ್ಕೆ ವಿರುದ್ಧ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕೋ ಐದೋ ಬೀಜ. ಎಣಿಕೆ ಕಲಿಯುವ ವಯಸ್ಸಿನ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಕೊರತೆ ಒಂದೇ, ಆಡುವವರು ಇಬ್ಬರು, ಉಳಿದವರು ಬಗ್ಗಿ ನೋಡಬೇಕು.

ಹುಲಿ-ಕುರಿ ಆಟಕ್ಕೂ ಇಬ್ಬರೇ, ಆದರೆ ಅದನ್ನು ಬಿಚ್ಚಬಹುದು. ತ್ರಿಕೋನದ ಪಟದಲ್ಲಿ 23 ಸಂಧಿ, ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ, ಕುರಿಗಳು ಒಟ್ಟಾಗಿ ಹುಲಿಗೆ ದಾರಿ ಕಟ್ಟಬೇಕು. ಹಂಪಿಯ ಗುಡಿ-ಮಂಟಪಗಳ ಹಾಸುಗಲ್ಲಿನ ಮೇಲೆ ಇಂಥ ಪಟಗಳನ್ನು ಕೊರೆದದ್ದು ಇಂದಿಗೂ ಕಾಣುತ್ತದೆ. ಬಿಡುವಿನ ಹೊತ್ತು ಕಳೆಯಲು ಅಲ್ಲಿ ಕೂತವರ ಕೈಗುರುತು ಅದು. ಎರಡು ಪಕ್ಷವೂ ಸಮನಲ್ಲದ ಆಟವಾದ್ದರಿಂದ ಇದು ಸಮನಲ್ಲದ ವಯಸ್ಸಿನವರಿಗೆ ಹೇಳಿ ಮಾಡಿಸಿದಂತಿದೆ. ಹುಲಿಯ ಕಡೆ ಮುತ್ಯಾ ಒಬ್ಬನೇ ಕೂಡಲಿ, ಕುರಿಯ ಕಡೆ ಮೂವರು ಮೊಮ್ಮಕ್ಕಳು ತಲೆ ಕೂಡಿಸಲಿ. ಮೂವರೂ ಒಂದೇ ಮಾತಿಗೆ ಬಂದ ದಿನ ಹುಲಿ ಸೋಲುತ್ತದೆ. ಆ ದಿನ ಬರುವುದು ತಡ.

ಹರಳಿನ ಆಟದ ಕತೆ ಬೇರೆ. ಐದು ಹರಳು, ಒಂದನ್ನು ಮೇಲಕ್ಕೆ ಚಿಮ್ಮಿ ಅದು ಇಳಿಯುವುದರೊಳಗೆ ನೆಲದ್ದನ್ನು ಬಾಚಬೇಕು. ಹೊಲದ ಕೆಲಸದಲ್ಲಿ ಗಟ್ಟಿಯಾದ ಆಯಿಯ ಕೈ ಇಲ್ಲಿ ಎಲ್ಲರನ್ನೂ ಸೋಲಿಸುತ್ತದೆ. ಸೋತ ಮಕ್ಕಳಿಗೆ ಬೇಗ ಬೇಸರ ಬರುವುದರಿಂದ ಬಲ್ಲವರಿಗೆ ಒಂದು ಗಂಟು ಹಾಕಬೇಕು: ಆಯಿ ಎಡಗೈಯಲ್ಲಿ ಆಡಬೇಕು, ಹುಡುಗರು ಬಲಗೈಯಲ್ಲಿ. ಎಲ್ಲ ಆಟಕ್ಕೂ ಈ ಉಪಾಯ ನಡೆಯುತ್ತದೆ. ಲಗೋರಿಯಲ್ಲಿ ದೊಡ್ಡವರು ಎರಡು ಪಟ್ಟು ದೂರದಿಂದ ಹೊಡೆಯಲಿ, ಚೆಂಡು ಹಳೆಯ ಬಟ್ಟೆ ಸುತ್ತಿದ್ದಿರಲಿ. ತೀರ ಚಿಕ್ಕವರಿಗೆ ನಮ್ಮಲ್ಲಿ ಮೊದಲಿನಿಂದಲೂ ಒಂದು ಜಾಗ ಇದ್ದೇ ಇದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ದೊಡ್ಡವರ ರಾಜಕೀಯದಲ್ಲಿ ಇದು ಬೈಗುಳ. ಮಕ್ಕಳ ಆಟದಲ್ಲಿ ಇದರಷ್ಟು ದಯೆಯ ಕಾಯ್ದೆ ಇನ್ನೊಂದಿಲ್ಲ. ಮೂರು ವರ್ಷದವನು ಓಡುತ್ತಾನೆ, ಕೂಗುತ್ತಾನೆ, ಔಟ್ ಮಾತ್ರ ಆಗುವುದಿಲ್ಲ.

ಇನ್ನು ಪಂಚಮಿಗೆ ಬರೋಣ, ಇಲ್ಲಿ ಸ್ವಲ್ಪ ನಿಲ್ಲಬೇಕು.

ಬೇಸಿಗೆ ರಜೆ ಶಾಲೆ ಕೊಟ್ಟದ್ದು, ನಾಗರ ಪಂಚಮಿ ಊರು ಕೊಟ್ಟದ್ದು. ಶ್ರಾವಣದ ಈ ಹಬ್ಬಕ್ಕೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು, ಕರೆಯಲು ಬಾರದಿದ್ದರೆ ವರ್ಷವಿಡೀ ಮಾತು ಕೇಳಬೇಕು. ಅಕ್ಕ ಬಂದಳೆಂದರೆ ಆಕೆಯ ಮಕ್ಕಳೂ ಬಂದಂತೆ. ಹೀಗೆ ಮೂರು ತಲೆಮಾರು ಒಂದೇ ಮಾಳಿಗೆಯ ಕೆಳಗೆ ಕೂಡುವ ಹಬ್ಬ ಇದು.

ಅದರ ಅಡುಗೆಯ ಕ್ರಮ ನೋಡಿ. ಹಬ್ಬಕ್ಕೆ ಮೊದಲು ಬರುವ ರೊಟ್ಟಿ ಪಂಚಮಿಯಂದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ ಬಡಿದು ಒಟ್ಟುತ್ತಾರೆ. ಕಡಕ್ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ. ಅದಕ್ಕೂ ಮೊದಲೇ ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ, ಗುಳ್ಳಡಿಕಿ ಉಂಡಿ ಕಟ್ಟಿ ಡಬ್ಬಿ ತುಂಬಿರುತ್ತದೆ. ಜೋಳದ ಅಳ್ಳು ಹುರಿದು ಅಳ್ಳಿಟ್ಟು ಬೀಸಿ ಇಟ್ಟಿರುತ್ತಾರೆ. ನಾಗಪ್ಪನಿಗೆ ಹಾಲೆರೆಯುವ ಹಬ್ಬದ ದಿನ ಒಲೆಯ ಮೇಲೆ ಹಂಚಿಡಬಾರದು, ಕರಿಯಬಾರದು, ಹೆಚ್ಚಬಾರದು ಎಂಬ ನಂಬಿಕೆ ಹಲವು ಮನೆಗಳಲ್ಲಿದೆ. ಕುದಿಸಿದ್ದು, ಹಬೆಯಲ್ಲಿ ಬೇಯಿಸಿದ್ದು, ಮೊದಲೇ ಮಾಡಿಟ್ಟದ್ದು ಇಷ್ಟೇ ಊಟ. ಕಾರಣಕ್ಕೆ ನಾಗಪ್ಪನ ಹೆಸರು ಹೇಳುತ್ತಾರೆ. ಪರಿಣಾಮವನ್ನು ನಾವು ನೋಡಬಹುದು: ವರ್ಷದಲ್ಲಿ ಹೆಂಗಸರ ಕೈ ಒಲೆಯಿಂದ ಬಿಡುಗಡೆಯಾಗುವ ಅಪರೂಪದ ದಿನಗಳಲ್ಲಿ ಇದೊಂದು. ಆ ಬಿಡುಗಡೆಯ ಮೇಲೆಯೇ ಜೋಕಾಲಿ ತೂಗುತ್ತದೆ.

ಬೇವಿನ ಗಿಡವೋ ಹುಣಸಿ ಗಿಡವೋ, ಗಟ್ಟಿ ಟೊಂಗೆಗೆ ಮಿಣಿ ಕಟ್ಟಿ, ಕೂಡುವಲ್ಲಿ ಕೌದಿ ಮಡಚಿ ಹಾಕುತ್ತಾರೆ. ಒಬ್ಬಳು ಕೂತರೆ ಇನ್ನೊಬ್ಬಳು ಎದುರು ನಿಂತು ಜೀಕುತ್ತಾಳೆ. ಸರದಿಗೆ ವಯಸ್ಸಿಲ್ಲ. ಆರು ವರ್ಷದವಳಾದ ಮೇಲೆ ಅರವತ್ತರ ಸೋದರತ್ತೆ ಹತ್ತುತ್ತಾಳೆ, ಸೀರೆಯ ನಿರಿಗೆ ಕಾಲಿನ ನಡುವೆ ಸಿಕ್ಕಿಸಿಕೊಂಡು ಟೊಂಗೆಯ ಎಲೆ ಮುಟ್ಟುವಷ್ಟು ಜೀಕುತ್ತಾಳೆ. ಮನೆಯೊಳಗೆ ಜಂತಿಗೆ ಕಟ್ಟಿದ ಸಣ್ಣ ಜೋಕಾಲಿಯಲ್ಲಿ ಬಾಣಂತಿಯ ಕೂಸೂ ತೂಗುತ್ತಿರುತ್ತದೆ. ಜೋಕಾಲಿಯಲ್ಲಿ ಗೆಲುವಿಲ್ಲ, ಸೋಲಿಲ್ಲ, ಎಣಿಕೆಯಿಲ್ಲ. ಬೇರೆಬೇರೆ ವಯಸ್ಸಿನವರ ಆಟಗಳಿಗೆ ಅಂಕ ಕೊಡುವುದಾದರೆ ನಾನು ಮೊದಲ ಜಾಗವನ್ನು ಜೋಕಾಲಿಗೇ ಕೊಡುತ್ತೇನೆ, ಎರಡನೆಯದನ್ನು ಚೌಕಾಬಾರಕ್ಕೆ. ಒಂದೇ ಎಚ್ಚರ: ಈಗ ಎಲ್ಲೆಡೆ ನೈಲಾನ್ ಹಗ್ಗ. ಅದು ಟೊಂಗೆಯ ಮೇಲೆ ಜಾರುತ್ತದೆ, ಗಂಟು ಬಿಚ್ಚಿಕೊಳ್ಳುತ್ತದೆ, ಅಂಗೈ ಕೊಯ್ಯುತ್ತದೆ. ಮಕ್ಕಳನ್ನು ಕೂಡಿಸುವ ಮೊದಲು ಮನೆಯ ದಪ್ಪ ಆಳೊಬ್ಬ ಹತ್ತಿ ಜಗ್ಗಿ ನೋಡಬೇಕು.

ಪಂಚಮಿಯ ಉಳಿದ ಆಟಗಳಿಗೂ ಸಾಮಾನು ಅಡುಗೆಮನೆಯದೇ. ಕೊಬ್ಬರಿ ಬಟ್ಟಲಿಗೆ ತೂತು ಹಾಕಿ ದಾರ ಪೋಣಿಸಿ ತಿರುಗಿಸುವುದು ಮಕ್ಕಳ ಕೆಲಸ. ಆಡಿ ಸಾಕಾದ ಮೇಲೆ ಆಟಿಕೆಯನ್ನೇ ತಿನ್ನಬಹುದು. ಗಂಡಸರದು ಲಿಂಬಿಹಣ್ಣಿನ ಪಂತ. ಇಂತಿಷ್ಟು ಎಸೆತದಲ್ಲಿ ಅಗಸಿಯಿಂದ ಆ ಗುಡಿ ಮುಟ್ಟಿಸುತ್ತೇನೆ ಎಂದು ಒಬ್ಬ ಸವಾಲು ಹಾಕುತ್ತಾನೆ, ಊರ ಮಂದಿ ಹಿಂದೆ ನಡೆಯುತ್ತಾರೆ. ಗುಂಡು ಎತ್ತುವುದು, ಚೀಲ ಹೊರುವುದು ಇವೆಲ್ಲ ಹರೆಯದವರ ತೋಳಿನ ಪ್ರದರ್ಶನ, ಮನೆಮಂದಿಗೆ ನೋಡುವ ಪಾಲು ಮಾತ್ರ. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಜಾರುವ ಕಂಬ ಏರುವುದನ್ನೂ ಇದೇ ಸಾಲಿಗೆ ಸೇರಿಸಬೇಕು. ಹತ್ತಿದವರು ಜಾರಿ ಬೀಳುವಾಗ ಸೇರಿದ ಜನಕ್ಕೆಲ್ಲ ನಗು. ಅದು ಊರ ಆಟ, ಮನೆಯ ಆಟವಲ್ಲ.

ಈ ಸೀಮೆಗೆ ಆಟದ ಬರಹದ ನಂಟೂ ಹಳೆಯದು. ಶಹಾಪುರ, ಸುರಪುರದ ಸುತ್ತಿನ ಸಗರನಾಡು ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಆ ಮನೆತನದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಇಪ್ಪತ್ತು ಅಧ್ಯಾಯಗಳ ಐದು ಭಾಗಗಳಿವೆ. ಕೊನೆಯ ಭಾಗ ಪೂರ್ತಿ ಕ್ರೀಡೆಗಳದ್ದು. ಉಯ್ಯಾಲೆಯಾಟ, ಬೆಳದಿಂಗಳಾಟ, ಪೈರಿನ ಹೊಲದ ವಿಹಾರ, ಒಗಟು, ಚದುರಂಗ, ದಾಳ, ಕವಡಿ ಎಲ್ಲವೂ ಅಲ್ಲಿವೆ. ಅರಸನ ವಿನೋದವೆಂದು ಬರೆದಿಟ್ಟದ್ದರಲ್ಲಿ ಅರ್ಧದಷ್ಟನ್ನು ಸಗರನಾಡಿನ ರೈತರ ಮನೆ ಇಂದಿಗೂ ಖರ್ಚಿಲ್ಲದೆ ಆಡುತ್ತಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 19ನೇ ಶತಮಾನದಲ್ಲಿ ಮಣೆಯಾಟಗಳನ್ನು ಹೊಸದಾಗಿ ಕಟ್ಟಿದವರು. ಅವುಗಳನ್ನು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಮತ್ತೆ ಪ್ರದರ್ಶನಗಳಲ್ಲಿಟ್ಟು ಜನರ ಕೈಗೆ ಕೊಟ್ಟಿದೆ. ನಮ್ಮ ಕಡೆಯ ಪಟಗಳಿಗೆ ಅಂಥ ಆಸರೆ ಸಿಕ್ಕಿಲ್ಲ. ಫರಸಿಯ ಮೇಲೆ ಎಳೆದು ಸಂಜೆ ಒರೆಸಿದ ಗೆರೆಯನ್ನು ಯಾವ ವಸ್ತುಸಂಗ್ರಹಾಲಯ ಇಟ್ಟುಕೊಳ್ಳಬೇಕು?

ಪೈರಿನ ಹೊಲದ ವಿಹಾರ ಎಂದೆನಲ್ಲ, ಅದು ಇಲ್ಲಿ ಎಳ್ಳ ಅಮಾವಾಸ್ಯೆ. ಕಲಬುರಗಿ, ಯಾದಗಿರಿ, ಬೀದರ್ ಕಡೆ ಆ ದಿನ ಊರು ಖಾಲಿ, ಹೊಲ ಭರ್ತಿ. ಭಜ್ಜಿ ಪಲ್ಯ, ಸಜ್ಜಿ ರೊಟ್ಟಿ, ಕಡುಬು, ಹೋಳಿಗೆ ಬುತ್ತಿ ಕಟ್ಟಿ ಗಾಡಿಯಲ್ಲೋ ಟ್ರಾಕ್ಟರಿನಲ್ಲೋ ಹೋಗಿ, ಬೆಳೆದು ನಿಂತ ಜೋಳದ ಹೊಲದಲ್ಲಿ ಚರಗ ಚೆಲ್ಲಿ, ಗಿಡದ ನೆರಳಲ್ಲಿ ಉಣ್ಣುವುದು. ಊಟವಾದ ಮೇಲಿನ ಮೂರು ತಾಸು ಆಟದ್ದು. ಇಲ್ಲೂ ಅದೇ ಗುಟ್ಟು, ಅಡುಗೆ ಮನೆಯಲ್ಲೇ ಮುಗಿದಿದೆ, ಹೊಲದಲ್ಲಿ ಒಲೆಯಿಲ್ಲ. ಚಳಿಗಾಲದ ಬಿಸಿಲು ಹಿತವಾಗಿರುವುದರಿಂದ ಓಡುವ ಆಟಕ್ಕೂ ಇದೇ ತಕ್ಕ ದಿನ. ಗಿಡಮಂಗನಾಟಕ್ಕೆ ಗಿಡ ಅಲ್ಲೇ ಇದೆ, ಹಗ್ಗ ಜಗ್ಗಾಟಕ್ಕೆ ಗಾಡಿಯ ಹಗ್ಗ ಇದೆ. ಜಗ್ಗಾಟಕ್ಕೆ ಗಂಡು-ಹೆಣ್ಣು ಎಂದು ಪಕ್ಷ ಮಾಡಬೇಡಿ, ಎರಡೂ ಕಡೆ ಒಬ್ಬ ಮುತ್ಯಾ, ಒಬ್ಬ ಕಾಕಾ, ಇಬ್ಬರು ಸೊಸೆಯರು, ಮೂರು ಮಕ್ಕಳು ಎಂದು ಹಂಚಿ. ಚಿಣಿ-ದಾಂಡನ್ನು ಮಾತ್ರ ಕೂಡು ಆಟಕ್ಕೆ ತರಬಾರದು. ಹಾರಿದ ಚಿಣಿಗೆ ಕಣ್ಣು ಯಾರದೆಂಬುದು ತಿಳಿಯುವುದಿಲ್ಲ. ಹತ್ತಿರದಲ್ಲಿ ಕಾಲುವೆಯಿದ್ದರೆ ಮಕ್ಕಳ ತಲೆ ಎಣಿಸುತ್ತಿರಲು ದೊಡ್ಡವರೊಬ್ಬರು ಬೇಕೇ ಬೇಕು. ನಾರಾಯಣಪುರ ಅಣೆಕಟ್ಟಿನ ನೀರು ಹರಿಯುವ ಸುರಪುರ, ಶಹಾಪುರದ ಹೊಲಗಳಲ್ಲಿ ಇದು ಹಗುರವಾಗಿ ತೆಗೆದುಕೊಳ್ಳುವ ಮಾತಲ್ಲ.

ಇಸ್ಪೀಟಿನ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಕತ್ತೆ, ಏಳೆಲೆ, ಜೋಡಿ ಹುಡುಕುವಂಥ ಎಲೆಯಾಟಗಳು ಮನೆಮಂದಿಗೆ ಒಳ್ಳೆಯವೇ. ಆದರೆ ಈ ಕಡೆ ಎಲೆ ಹೊರಬಂದರೆ ಹಿರಿಯ ಹೆಂಗಸರ ಮುಖ ಬಿಗಿಯುತ್ತದೆ, ಅದಕ್ಕೆ ಕಾರಣವೂ ಇದೆ. ಹಬ್ಬದ ಮರುದಿನದ ಪತ್ರಿಕೆಯಲ್ಲಿ ಅಂದರ್-ಬಾಹರ್ ಆಡುತ್ತಿದ್ದವರ ಮೇಲೆ ದಾಳಿ, ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 87ರಡಿ ಪ್ರಕರಣ ಎಂಬ ಸುದ್ದಿ ಓದಿ ಓದಿ ಸಾಕಾಗಿದೆ. ಮಕ್ಕಳ ಮುಂದೆ ಹಣ ಕಟ್ಟಿ ಆಡಬೇಡಿ. ಪಣ ಬೇಕೇ ಬೇಕೆಂದರೆ ಶೇಂಗಾ ಉಂಡಿ ಇಡಿ.

ಮಾತಿನ ಆಟಗಳಿಗೆ ಈ ಜಿಲ್ಲೆ ಬಲು ಹುಲುಸು. ಒಂದೇ ಓಣಿಯಲ್ಲಿ ಕನ್ನಡ, ದಖನಿ ಉರ್ದು, ಗುರುಮಠಕಲ್ ಕಡೆಗೆ ಹೋದರೆ ತೆಲುಗು. ಅಂತ್ಯಾಕ್ಷರಿಯಲ್ಲಿ ಕನ್ನಡ ಹಾಡೇ ಆಗಬೇಕೆಂದು ಹಟ ಹಿಡಿದರೆ ಮುಂಬಯಿಯಲ್ಲಿ ಬೆಳೆದ ಮೊಮ್ಮಕ್ಕಳು ಬಾಯಿ ಮುಚ್ಚುತ್ತಾರೆ. ಹಿಂದಿಯೇ ಎಂದರೆ ಆಯಿ ಎದ್ದು ಹೋಗುತ್ತಾಳೆ. ಯಾವ ಭಾಷೆಯಾದರೂ ಸರಿ, ಸಿನಿಮಾ ಹಾಡಾದರೂ ಸರಿ, ಬೀಸುವ ಕಲ್ಲಿನ ಪದವಾದರೂ ಸರಿ ಎಂದು ಬಾಗಿಲು ತೆರೆದಿಟ್ಟರೆ ರಾತ್ರಿ ಹನ್ನೊಂದಾದರೂ ಮುಗಿಯುವುದಿಲ್ಲ. ಒಗಟು ಹಿರಿಯರ ಆಸ್ತಿ. ಇದರಲ್ಲಿ ಮಕ್ಕಳು ಸೋಲಬೇಕು, ಸೋತು ಕಲಿಯಬೇಕು. ಮದುವೆಯಲ್ಲಿ ಗಂಡ-ಹೆಂಡಿರ ಹೆಸರು ಹೇಳಿಸುವ ಒಡಪನ್ನು ರಜೆಯ ಆಟವಾಗಿ ಮಾಡಿ ನೋಡಿ. ಐವತ್ತು ವರ್ಷ ಸಂಸಾರ ಮಾಡಿದ ಆಯಿ ಮುತ್ಯಾನ ಹೆಸರನ್ನು ಹೊಸ ಒಡಪಿನಲ್ಲಿ ಕಟ್ಟಿ ಹೇಳುವಾಗ ಹುಡುಗರು ಫೋನು ಕೆಳಗಿಡುತ್ತಾರೆ. ಕರೆಂಟ್ ಹೋದ ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಬಿಚ್ಚಿದಾಗ ಇವೇ ಆಟಗಳು ಗತಿ, ಕವಡಿ ಕತ್ತಲಲ್ಲಿ ಕಾಣದು.

ಫೋನಿನ ಮಾತಿಗೆ ಬಂದರೆ, 2020ರ ಲಾಕ್‌ಡೌನಿನಲ್ಲಿ ದೇಶವೆಲ್ಲ ಮೊಬೈಲಿನಲ್ಲಿ ಲೂಡೊ ಆಡಿತು. ಲೂಡೊ ಬೇರೆ ಯಾವುದೂ ಅಲ್ಲ, ನಮ್ಮ ಪಗಡೆ, ಪಚ್ಚೀಸಿಗಳನ್ನು 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನವರು ಮಕ್ಕಳಿಗಾಗಿ ಸರಳ ಮಾಡಿಕೊಂಡದ್ದು, ಈಗ ಗಾಜಿನೊಳಗೆ ಹೊಕ್ಕು ವಾಪಸು ಬಂದಿದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಬೆಂಗಳೂರಿನಲ್ಲಿರುವ ಮಗ, ಸುರಪುರದಲ್ಲಿರುವ ಅವ್ವ ಒಂದೇ ಪಟದಲ್ಲಿ ಕಾಯಿ ನಡೆಸುವುದು ಫೋನಿಲ್ಲದೆ ಆಗದ ಮಾತು. ನನ್ನ ತಕರಾರು ಒಂದೇ. ಫೋನು ತಾನೇ ದಾಳ ಉರುಳಿಸುತ್ತದೆ, ತಾನೇ ಎಣಿಸುತ್ತದೆ, ತಾನೇ ಕಾಯಿ ಕಡಿಯುತ್ತದೆ. ಮೋಸ ಮಾಡಲು ಜಾಗವಿಲ್ಲ, ಮೋಸ ಹಿಡಿಯಲು ಜಾಗವಿಲ್ಲ, ಆದ್ದರಿಂದ ಮಾತಾಡಲು ಏನೂ ಉಳಿಯುವುದಿಲ್ಲ. ಐದು ವರ್ಷದ ಮಗುವಿಗೆ ಎಣಿಸುವ ಕೆಲಸ ತಪ್ಪಿತು, ಮುತ್ಯಾನಿಗೆ ಕಣ್ಣು ಕಾಣದ ನೆಪ ತಪ್ಪಿತು. ಒಂದೇ ಮನೆಯಲ್ಲಿ ಇದ್ದಾಗಲಾದರೂ ನೆಲದ ಪಟವೇ ಮೇಲು.

ಒಂದೇ ಮನೆಯಲ್ಲಿ ಇರುವುದೇ ಇಲ್ಲಿ ಕಷ್ಟದ ಮಾತು. ಯಾದಗಿರಿ ಜಿಲ್ಲೆಯಿಂದ ಬೆಂಗಳೂರು, ಪುಣೆ, ಮುಂಬಯಿಯ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರು ದಂಡಿಯಾಗಿದ್ದಾರೆ. ದುಡಿಯುವ ವಯಸ್ಸಿನವರು ಹೋಗುತ್ತಾರೆ, ಮುದುಕರೂ ಶಾಲೆಯ ಮಕ್ಕಳೂ ಊರಲ್ಲಿ ಉಳಿಯುತ್ತಾರೆ. ಅಂದರೆ ವರ್ಷದ ಬಹುಪಾಲು ನಡುವಿನ ತಲೆಮಾರು ಇಲ್ಲದ ಮನೆಗಳು ಇವು. ಪಂಚಮಿಗೋ ಮೊಹರಮ್ಮಿನ ಅಲಾಯಿಗೋ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ನಿಂತುಕೊಂಡೇ ಬಂದು ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದವರಿಗೆ ಮನೆಯಲ್ಲಿ ಇರಲು ನಾಲ್ಕಾರು ದಿನ ಸಿಕ್ಕರೆ ಹೆಚ್ಚು. ಆ ದಿನಗಳಲ್ಲಿ ಅಪ್ಪ-ಮಕ್ಕಳಿಗೆ ಆಡಲು ಮಾತೇ ಹೊಳೆಯದಿರುವುದುಂಟು. ವರ್ಷಕ್ಕೊಮ್ಮೆ ಕಾಣುವ ಮಗನಿಗೆ ಶಾಲೆ ಹೇಗಿದೆ ಎಂದು ಎಷ್ಟು ಸಲ ಕೇಳುವುದು? ನಡುವೆ ಒಂದು ಪಟ ಇದ್ದರೆ ಮಾತು ತಾನಾಗಿ ಬರುತ್ತದೆ. ಖರ್ಚಿಲ್ಲದ, ಹೊರಲು ಭಾರವಿಲ್ಲದ, ಕಟ್ಟಡ ಕೆಲಸದ ಜಾಗದ ಶೆಡ್ಡಿನ ಸಿಮೆಂಟ್ ನೆಲದ ಮೇಲೂ ಎಳೆಯಬಹುದಾದ ಆಟವೆಂದು ಚೌಕಾಬಾರದ ಪರ ನಾನು ಇಷ್ಟು ವಾದ ಮಾಡುವುದು ಇದಕ್ಕೇ.

ಹಾಗಾಗಿ ಎರಡು ಕೆಲಸ ಹೇಳುತ್ತೇನೆ. ಒಂದು ಮನೆಯವರಿಗೆ: ಮುಂದಿನ ರಜೆಯಲ್ಲಿ ಆಟಕ್ಕೆ ಹೊತ್ತು ಗೊತ್ತು ಮಾಡುವ ಮೊದಲು ಅಡುಗೆಗೆ ಹೊತ್ತು ಗೊತ್ತು ಮಾಡಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇದ್ದರೆ ಒಂದು ಹೊತ್ತಿನ ಊಟ ಆಯಿತು. ಪಾತ್ರೆ ತೊಳೆಯಲು ಗಂಡುಮಕ್ಕಳು ಏಳಲಿ, ಪಟದ ಮುಂದೆ ಮೊದಲ ಎಸೆತ ಅಡುಗೆ ಮಾಡಿದವಳದ್ದಿರಲಿ. ಹಾಗೆಯೇ ಆಯಿಯ ಬಾಯಿಂದ ನಿಮ್ಮ ಮನೆಯ ಕಾಯ್ದೆಗಳನ್ನು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಇನ್ನೊಂದು ಗ್ರಾಮ ಪಂಚಾಯಿತಿಗಳಿಗೆ: ನಮ್ಮ ಊರುಗಳಲ್ಲಿ ಈಗ ಅರಿವು ಕೇಂದ್ರ ಎಂಬ ಗ್ರಂಥಾಲಯಗಳಿವೆ, ರಜೆಯಲ್ಲಿ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಅವುಗಳ ಕಟ್ಟೆಯ ಮೇಲೆ ಒಂದು ಚೌಕಾಬಾರದ ಪಟ, ಒಂದು ಹುಲಿ-ಕುರಿ ಪಟ ಬಣ್ಣದಲ್ಲಿ ಬರೆಸಿ. ಒಂದು ಡಬ್ಬಿ ಬಣ್ಣ, ಒಬ್ಬ ಪೇಂಟರನ ಅರ್ಧ ದಿನದ ಕೂಲಿ. ಪಟ ಇದ್ದರೆ ಮುದುಕರೂ ಬಂದು ಕೂಡುತ್ತಾರೆ.